ಸರತಿಯಲ್ಲಿ ನಿಂತ ಆಜ್ಞೆ

ಬಾಟಲಿ ಕಾರ್ಖಾನೆಯ ಯಂತ್ರಗಳಿಗೆ ಮಾತು ಕಲಿಸಿದವನು ಅಲ್ಲೇ ದುಡಿಯುವ ಹೆಂಗಸೊಬ್ಬಳ ತಮ್ಮ. ತುಂಬುವ ಯಂತ್ರ, ಸಾಗಿಸುವ ಪಟ್ಟಿ, ಮುಚ್ಚಳ ಹಾಕುವ ಯಂತ್ರ, ಒಂದೊಂದಕ್ಕೂ ಅಂಗಡಿಯಲ್ಲಿ ಸಿಗುವ ಸಾದಾ ಕಂಪ್ಯೂಟರ್ ಜೋಡಿಸಿ, ಒಂದಕ್ಕೊಂದು ಸಂದೇಶ ಕಳಿಸುವಂತೆ ಸಾಫ್ಟ್‌ವೇರ್ ಬರೆದಿದ್ದ. ಅದರಲ್ಲಿ ಪ್ರತಿ ಯಂತ್ರವೂ ಒಂದು ಆಬ್ಜೆಕ್ಟ್, ಅಂದರೆ ತನ್ನಷ್ಟಕ್ಕೆ ತಾನಿರುವ ಒಂದು ಘಟಕ. ತನ್ನ ಕೆಲಸ ತಾನು ನೋಡಿಕೊಳ್ಳಬೇಕು, ಪಕ್ಕದವರ ಉಸಾಬರಿ ಬೇಡ. ಸಂದೇಶಗಳನ್ನೂ ಒಂದೇ ತಾಯಿಯ ಮಕ್ಕಳಂತೆ ಒಂದೇ ಅಚ್ಚಿನಿಂದ ತೆಗೆದಿದ್ದ. ನೋಡಲು ಬಲು ಅಂದ. ಅಂದ ಕಂಡರೆ ಮರುಳಾಗುವುದು ಅವನ ಹುಟ್ಟುಗುಣ.

ಅದೇ ಪಟ್ಟಿಯ ಪಕ್ಕ ನಿಂತು, ಒಡೆದ ಬಾಟಲಿ ಕಂಡ ಕೂಡಲೇ ಅದನ್ನು ನಿಲ್ಲಿಸುವ ಕೆಂಪು ಗುಂಡಿ ಒತ್ತುವವಳು ಅವನ ಅಕ್ಕ. ಅವನನ್ನು ಓದಿಸಿದ್ದು ಆ ಕೆಲಸವೇ.

ಮಾಲೀಕರು ನೋಡಲು ಬಂದ ದಿನ ಜಂಬಕ್ಕೆಂದು ದೊಡ್ಡ ಪರದೆಯೊಂದನ್ನು ತೂಗುಹಾಕಿ, ಲೆಕ್ಕವೆಲ್ಲ ಅದರಲ್ಲಿ ಓಡುವಂತೆ ಮಾಡಿದ್ದ. ಒಡೆದ ಬಾಟಲಿಯೊಂದು ಕಂಡು ಅಕ್ಕ ಗುಂಡಿ ಒತ್ತಿದಳು. ಪಟ್ಟಿ ನಿಲ್ಲಲಿಲ್ಲ. ಒಡೆದ ಬಾಟಲಿ ಮುಚ್ಚಳದ ಯಂತ್ರಕ್ಕೆ ಸಿಕ್ಕಿ, ಹಿಂದಿನವೆಲ್ಲ ಅದರ ಮೇಲೆ ಬಿದ್ದು ಪುಡಿಪುಡಿಯಾದ ಮೇಲೆ ನಿಂತಿತು.

ತಮ್ಮನಿಗೆ ಅಲ್ಲೇ ಹೊಳೆಯಿತು. ಎಲ್ಲ ಸಂದೇಶಗಳೂ ಒಂದೇ ಬಗೆಯವು ಎಂದು ಒಂದೇ ಸರತಿಯಲ್ಲಿ ನಿಲ್ಲಿಸಿದ್ದ. ಪರದೆಗೆ ಹೋಗುವ ಲೆಕ್ಕದ ಹರಟೆಯ ಹಿಂದೆ 'ನಿಲ್ಲು' ಎಂಬ ಆಜ್ಞೆ ತೆಪ್ಪಗೆ ಕಾಯುತ್ತಿತ್ತು. ಒಂದೇ ತಾಯಿಯ ಮಕ್ಕಳಾದರೇನು, ಒಬ್ಬೊಬ್ಬರ ಅವಸರ ಒಂದೊಂದು ಎಂಬುದು ಈ ಜಾಣನಿಗೆ ಹೊಳೆದಿರಲಿಲ್ಲ.

ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮ್ಯಾನೇಜರಿಗೆ ಹೇಳಿಬಿಟ್ಟಳು. "ನಾನೇ ತಡವಾಗಿ ಒತ್ತಿದೆ ಸಾರ್. ಕೈ ಮೊದಲಿನ ಹಾಗೆ ಓಡಲ್ಲ."

ತೆರೆದ ಬಾಯಿ ಮುಚ್ಚಿಕೊಂಡಿತು. ಮರುದಿನ ಅವಳನ್ನು ಮೂಲೆಯ ಪೆಟ್ಟಿಗೆ ಅಂಟಿಸುವ ಮೇಜಿಗೆ ಹಾಕಿದರು.

"ಸುಳ್ಳು ಯಾಕೆ ಹೇಳ್ದೆ?" ಊಟಕ್ಕೆ ಕೂತಾಗ ಕೇಳಿದ.

"ನನ್ನ ಕೈ ನಿಧಾನ ಅಂದ್ರೆ ವಯಸ್ಸಾಯ್ತು ಅಂತಾರೆ, ಅಷ್ಟೇ. ನಿನ್ನ ಕೆಲಸ ತಪ್ಪು ಅಂದ್ರೆ ನಿನ್ನ ಯಾರು ಕರೀತಾರೆ? ತಿನ್ನು ಸುಮ್ನೆ."

ತಮ್ಮನಿಗೆ ನಾಚಿಕೆಯಿಂದ ತಟ್ಟೆ ಬಿಟ್ಟು ಕಣ್ಣೆತ್ತಲಾಗಲಿಲ್ಲ. ಮೊದಲು ಸರಿಪಡಿಸುತ್ತೇನೆ, ಆಮೇಲೆ ಮ್ಯಾನೇಜರಿಗೆ ನಿಜ ಹೇಳುತ್ತೇನೆ ಎಂದುಕೊಂಡ. ನಿಲ್ಲಿಸುವ ಆಜ್ಞೆಗೆ ಬೇರೆಯೇ ದಾರಿ ಮಾಡಿಕೊಟ್ಟ.

ಎಲ್ಲರೆದುರು ಮತ್ತೆ ಪರೀಕ್ಷೆಯಾಯಿತು. ಅಕ್ಕನ ಜಾಗಕ್ಕೆ ಬಂದ ಹೊಸ ಹುಡುಗಿ ಗುಂಡಿ ಮುಟ್ಟಿದಳೋ ಇಲ್ಲವೋ, ಪಟ್ಟಿ ನಿಂತಿತು.

"ನೋಡಿದ್ರಾ," ಎಂದರು ಮ್ಯಾನೇಜರು, "ಯಂತ್ರದಲ್ಲಿ ಏನೂ ಇರ್ಲಿಲ್ಲ. ಬೆರಳು ಚುರುಕಾಗಿರ್ಬೇಕು, ಅಷ್ಟೇ."

ಎಲ್ಲರೂ ನಕ್ಕರು. ಮೂಲೆಯ ಮೇಜಿನಿಂದ ಅಕ್ಕನೂ ನಕ್ಕಳು. ತಮ್ಮ ಅವಳತ್ತ ನೋಡಿದ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನೂ ನಕ್ಕ.