ಜೆಡಿ ಕಷಾಯ ಕೊಡದ ಸಿದಿಕಾತ್

ಇನ್ನೂ ನಸುಗತ್ತಲು. ನೈಜೀರಿಯಾದ ಇಬಾದಾನ್‌ನ ವ್ಯಾನ್ ನಿಲ್ದಾಣದಲ್ಲಿ ಬೆಳಗಿನ ನಮಾಜು ಮುಗಿಸಿ ಬಂದ ಚಾಲಕರು ಕಷಾಯ ಮಾರುವ ಸಿದಿಕಾತ್ ಅವರನ್ನು ಮುತ್ತಿಕೊಂಡಿದ್ದಾರೆ. ಬೇರು, ತೊಗಟೆ ನೆನೆಸಿದ ಕಷಾಯದ ಬಾಟಲಿಗಳು ಅಗಲವಾದ ಬೋಗುಣಿಯಲ್ಲಿವೆ. ಜ್ವರಕ್ಕೊಂದು, ಸೊಂಟನೋವಿಗೊಂದು, ಜೆಡಿಗೊಂದು, ಅಂದರೆ ಮೂಲವ್ಯಾಧಿಗೆ. ಸಿದಿಕಾತ್ ಅವರ ಕಥೆ ಬರೆಯಲು ಬಂದ ನಾನು ಪಕ್ಕದಲ್ಲೇ ಕೂತಿದ್ದೇನೆ. ಮುಫ್ತಾವು ಎಂಬ ಚಾಲಕ ಗ್ಲಾಸು ಚಾಚುತ್ತಾನೆ.

"ಜೆಡಿದು ಕೊಡಮ್ಮಾ, ಸ್ವಲ್ಪ ಸ್ಟ್ರಾಂಗಾಗಿರ್ಲಿ."

"ರಕ್ತ ಹೋಗ್ತಿದ್ಯಾ?"

"ಎಲ್ಲರ ಮುಂದೆ ಇದೇನಮ್ಮಾ ಕೇಳೋದು!"

"ಹೋಗ್ತಿದ್ಯೋ ಇಲ್ವೋ?"

"ಮರಗೆಣಸಿನ ಗಾರಿ ಹಿಟ್ಟಿಗೆ ಬೊಗಸೆ ಬೊಗಸೆ ಸಕ್ಕರೆ ಸುರ್ಕೊಂಡು ತಿಂತಾನಮ್ಮಾ, ಇನ್ನೇನಾಗುತ್ತೆ!" ಎಂದು ಪಕ್ಕದವನು ಕಿಚಾಯಿಸುತ್ತಾನೆ. ಮುಫ್ತಾವು ನಾಚುತ್ತಲೇ ಹೌದೆಂದು ತಲೆಯಾಡಿಸುತ್ತಾನೆ. ಸಿದಿಕಾತ್ ಬಾಟಲಿಗೆ ಮುಚ್ಚಳ ಹಾಕಿಬಿಡುತ್ತಾರೆ.

ಮಲದಲ್ಲಿ ರಕ್ತ ಕಂಡರೆ ನಮ್ಮವರಿಗೆ ಅದು ಜೆಡಿಯೇ. ಸಿಹಿ ಹೆಚ್ಚಾಯಿತು, ಕಷಾಯ ಕುಡಿ ಎನ್ನುತ್ತಾರೆ, ಮುಗಿಯಿತು. ಆದರೆ ಆ ರಕ್ತ ದೊಡ್ಡ ಕರುಳಿನ ಕ್ಯಾನ್ಸರಿನದೂ ಆಗಿರಬಹುದು. ಅದು ಬಿಳಿಯರ ಕಾಯಿಲೆ ಎಂದು ಒಂದು ಕಾಲಕ್ಕೆ ವೈದ್ಯರೂ ನಂಬಿದ್ದರು. ಈಗ ಪಶ್ಚಿಮ ಆಫ್ರಿಕಾದ ಊರುಗಳಲ್ಲಿ ಅದು ಹೆಚ್ಚುತ್ತಿದೆ, ಅದೂ ದುಡಿಯುವ ವಯಸ್ಸಿನವರಲ್ಲಿ. ಊಟ ಬದಲಾದದ್ದು ಕಾರಣವೋ, ಮೊದಲು ಪತ್ತೆಯೇ ಆಗುತ್ತಿರಲಿಲ್ಲವೋ, ಎರಡೂ ಇರಬಹುದು ಎನ್ನುತ್ತಾರೆ ಆಸ್ಪತ್ರೆಯ ನರ್ಸ್ ಫೋಲಾಶಾಡೆ. "ಜನ ಬರೋದೇನೋ ಬರ್ತಾರೆ. ಕಷಾಯ ಕುಡಿದೂ ಕುಡಿದೂ, ಕರುಳು ಕಟ್ಟಿಕೊಂಡ ಮೇಲೆ ಬರ್ತಾರೆ. ಆಮೇಲೆ ನಾವೇನ್ ಮಾಡೋಣ?"

ಸಿದಿಕಾತ್ ಅವರ ತಮ್ಮ ಲಾಸಿಸಿ ತೀರಿಕೊಂಡದ್ದೂ ಹಾಗೆಯೇ. ಇದೇ ನಿಲ್ದಾಣದಲ್ಲಿ ವ್ಯಾನ್ ಓಡಿಸುತ್ತಿದ್ದ, ವಯಸ್ಸು ನಲವತ್ತು ದಾಟಿರಲಿಲ್ಲ. "ನನ್ನ ಕೈಯಾರೆ ಕುಡಿಸ್ದೆ. ರಕ್ತ ನಿಲ್ಲಲಿಲ್ಲ ಅಂತ ಇನ್ನೂ ಗಟ್ಟಿ ಮಾಡಿ ಕುಡಿಸ್ದೆ. ಅಕ್ಕ ಕೊಟ್ಟಿದ್ದು ಅಂತ ಒಂದು ಮಾತೂ ಆಡದೆ ಕುಡಿದ" ಎನ್ನುತ್ತಾರೆ.

ಕಷಾಯವನ್ನು ಅವರು ಬಿಟ್ಟಿಲ್ಲ, ಜ್ವರಕ್ಕೆ, ನೋವಿಗೆ ಈಗಲೂ ಕೊಡುತ್ತಾರೆ. ರಕ್ತ ಎಂದವರನ್ನು ಮಾತ್ರ ಆಸ್ಪತ್ರೆಗೆ ಅಟ್ಟುತ್ತಾರೆ. ಗಿರಾಕಿಗಳು ಕಡಿಮೆಯಾಗಿದ್ದಾರೆ. ಆಸ್ಪತ್ರೆಯವರು ಇವಳಿಗೆ ಕಮಿಷನ್ ಕೊಡುತ್ತಾರಂತೆ ಎಂದು ಆಡಿಕೊಳ್ಳುವವರೂ ಇದ್ದಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ, ಅವರು ನಕ್ಕು ಮುಂದಿನ ಗ್ಲಾಸು ತುಂಬುತ್ತಾರೆ.

"ನೀನು ಕೊಡದಿದ್ರೆ ಮೊರಿಲಿ ಕೊಡ್ತಾಳೆ ಬಿಡು" ಎಂದು ಮುಫ್ತಾವು ಪಕ್ಕದ ಕಷಾಯದವಳತ್ತ ಹೊರಡುತ್ತಾನೆ. ಹೀಗೆ ಹೋದವರೇ ಹೆಚ್ಚು. ಇಂದು ಸಿದಿಕಾತ್ ಧಡಕ್ಕನೆ ಎದ್ದು ತಮ್ಮ ಬೋಗುಣಿಯನ್ನೇ ಹೊತ್ತು ಮೊರಿಲಿಯ ಮುಂದೆ ಇಡುತ್ತಾರೆ.

"ಇವತ್ತು ನಂದೂ ನೀನೇ ಮಾರ್ಕೋ, ದುಡ್ಡೂ ನಿಂದೇ. ಇವನಿಗೆ ಮಾತ್ರ ಒಂದು ತೊಟ್ಟೂ ಕೊಡ್ಬೇಡ."

"ತಲೆ ಕೆಟ್ಟಿದ್ಯಾ ಅಕ್ಕಾ ನಿಂಗೆ?" ಎನ್ನುತ್ತಲೇ ಮೊರಿಲಿ ಬೋಗುಣಿ ಎಳೆದುಕೊಳ್ಳುತ್ತಾಳೆ. ಆಮೇಲೆ ಮುಫ್ತಾವುವಿಗೆ, "ಹೋಗೋ, ನಿಂಗೆ ನನ್ನತ್ರ ಏನೂ ಇಲ್ಲ."

ಸಿದಿಕಾತ್ ಅಷ್ಟರಲ್ಲಿ ಅವನ ವ್ಯಾನ್ ಹತ್ತಿ ಮುಂದಿನ ಸೀಟಿನಲ್ಲಿ ಕೂತಾಗಿದೆ. ನಾನು ಹಿಂದೆ. ಮುಫ್ತಾವು ಗೊಣಗುತ್ತಾ ಗಾಡಿ ಚಾಲೂ ಮಾಡಿ ಆಸ್ಪತ್ರೆಯ ಕಡೆ ತಿರುಗಿಸುತ್ತಾನೆ.

"ಅಲ್ಲಮ್ಮಾ, ಡಾಕ್ಟ್ರು ಬರೀ ಜೆಡಿ ಅಂದುಬಿಟ್ರೆ?"

"ಅನ್ಲಿ ಕಣಪ್ಪಾ. ವಾಪಸ್ ಬಂದು ಎಲ್ಲರ ಮುಂದೆ ನನ್ನ ಬಾಯಿಗೆ ಬಂದಂಗೆ ಬೈಯಿ. ಲಾಸಿಸಿ ಕೈಲಿ ಬೈಸ್ಕೊಳ್ಳೋ ಭಾಗ್ಯ ನಂಗೆ ಬರ್ಲಿಲ್ಲ."