ಒಲೆ ಬಿಚ್ಚಿದ ಶುಕ್ರವಾರ

ಉರಿ ಹಳದಿಯಾಗಿತ್ತು. ಕೆಂಪಗಿತ್ತು ಎನ್ನುತ್ತಾರೆ ಗಂಡ. ಯಾರ ನೆನಪು ಸರಿಯೋ, ರೊಟ್ಟಿ ಹಂಚಿನ ತಳ ಕರ್ರಗಾಗುತ್ತಿದ್ದುದು ಮಾತ್ರ ನಿಜ.

ಭಾಲ್ಕಿಯ ತವರಿನಿಂದ ಅವ್ವ ಕೊಟ್ಟ ಎರಡು ಬರ್ನರಿನ ಗ್ಯಾಸ್ ಒಲೆ ಅದು. ಬೀದರಿನ ಚಿದ್ರಿಯ ಈ ಮನೆಯಲ್ಲಿ ನನ್ನದು ಎಂದು ಬೆರಳು ಮಾಡಿ ತೋರಿಸಬಹುದಾದ ಒಂದೇ ವಸ್ತು. ನೌಬಾದದಿಂದ ಬಂದ ರಿಪೇರಿಯವನು ಬಗ್ಗಿ ಕೂಡ ನೋಡದೆ, "ಇದರ ದಮ್ ಮುಗದದ ಅಕ್ಕಾರ, ಹೊಸಾದು ತಗೋರಿ," ಎಂದ. ಗಂಡ, "ಸಂಜಿಕ ಭಂಗಾರದಂವಗ ಕೊಟ್ಟಬಿಡ್ತೇನಿ," ಎಂದು ಗುಜರಿಯವನ ಹೆಸರು ಹೇಳಿ ಡ್ಯೂಟಿಗೆ ಹೋದರು.

ಸಂಜೆಯವರೆಗೆ ಸಮಯವಿತ್ತು. ಸಿಲಿಂಡರ್ ಬಂದ್ ಮಾಡಿ, ಬರ್ನರ್‌ಗಳನ್ನು ಎತ್ತಿ ಹಳೆಯ ಪೇಪರಿನ ಮೇಲೆ ಕೊಡವಿದೆ. ರೊಟ್ಟಿಯಿಂದ ಉದುರಿದ ಜೋಳದ ಹಿಟ್ಟು ಬೀಳುತ್ತದೆ ಎಂದುಕೊಂಡಿದ್ದೆ. ಬಿದ್ದದ್ದು ಕೆಂಪು ಪುಡಿ, ಹಳದಿ ಪುಡಿ. ಶುಕ್ರವಾರ ಶುಕ್ರವಾರ ಅತ್ತೆ ಒಲೆಗೆ ಏರಿಸಿದ ಅರಿಸಿನ ಕುಂಕುಮ. ಉರಿ ಬರುವ ಜಾಗವೇ ಲಕ್ಷ್ಮಿಯ ಮುಖವೆಂದು ಚಿಟಿಕೆ ಚಿಟಿಕೆಯಾಗಿ ಅಲ್ಲಿಯೇ.

ಅಂದೂ ಶುಕ್ರವಾರ. ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರು.

"ಅಯ್ಯ, ಶುಕ್ರಾರ ದಿನ ಒಲಿ ಬಿಚ್ಚಿ ಕುಂತೀದಿ? ಲಕ್ಷ್ಮಿ ಹೋಗ್ತಾಳ, ಹುಚ್ಚಿ!"

"ಹೋಗಲಿಕ್ಕ ದಾರಿ ಎಲ್ಲಿ ಅದರಿ ಅತ್ತಿ? ಎಲ್ಲಾ ತೂತು ನೀವ ಮುಚ್ಚೀರಿ."

"ಹಿಂಗ ಮಾತಾಡೂದು ನಿಮ್ಮವ್ವ ಕಲಸ್ಯಾಳೇನು?"

"ಅವ್ವ ಒಲಿ ಕೊಟ್ಟಾಳ್ರಿ. ಮಾತು ಇಲ್ಲೇ ಕಲತೀನಿ."

ಇಷ್ಟು ಚೂಪಾಗಿ ಆಗಲೇ ಹೇಳಿದೆನೋ, ಆಮೇಲೆ ಮನಸ್ಸಿನಲ್ಲಿ ಮಸೆದುಕೊಂಡೆನೋ ಗೊತ್ತಿಲ್ಲ. ಇರಲಿ, ಹೇಳಿದೆನೆಂದೇ ಬರೆಯುತ್ತೇನೆ.

ಹಿತ್ತಾಳೆಯ ಬರ್ನರ್‌ಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬಿಸಿನೀರಲ್ಲಿ ನೆನೆಸಿದೆ. ಒಂದೊಂದು ತೂತಿಗೂ ಸೆರಗಿನ ಪಿನ್ನು ಹಾಕಿ ಕೆದಕಿದೆ. ಬಿಸಿಲಲ್ಲಿ ಒಣಗಿಸಿ ಜೋಡಿಸಿ, ಸಿಲಿಂಡರ್ ತೆರೆದು, ಪೈಪಿಗೆ ಸೋಪಿನ ನೊರೆ ಹಚ್ಚಿ ಸೋರುತ್ತಿಲ್ಲವೆಂದು ನೋಡಿಕೊಂಡು ಹೊತ್ತಿಸಿದೆ. ಒಂದು ನೀಲಿಯಾಗಿ ಉರಿಯಿತು. ಇನ್ನೊಂದು ಅರ್ಧವಷ್ಟೇ. ಆರಿಸಿದೆ, ತಣಿದ ಮೇಲೆ ಮತ್ತೆ ಬಿಚ್ಚಿದೆ, ಮತ್ತೆ ತಿಕ್ಕಿದೆ.

ಸಂಜೆ ಗಂಡ ಬಂದಾಗ ಎರಡೂ ಉರಿಯುತ್ತಿದ್ದವು. ಒಂದರ ಮೇಲೆ ರೊಟ್ಟಿ ಉಬ್ಬಿತ್ತು.

"ಭಂಗಾರದಂವ ಹೊರಗ ನಿಂತಾನ," ಎಂದರು.

"ನಿಂದರಲಿ. ಹಸದಿದ್ರ ರೊಟ್ಟಿ ಕೊಡ್ರಿ. ಒಲಿ ಕೊಡೂದಿಲ್ಲ."

ಅತ್ತೆ ನನ್ನ ಪರವಾಗಿ ಮಾತಾಡಿದರು ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಅವರೋ ಗೋಡೆಯ ಕಡೆ ಮುಖ ಮಾಡಿ ಕುಳಿತರು, ಮೂರು ರೊಟ್ಟಿ ತಿಂದರು.