ಅರ್ಧ ರೊಟ್ಟಿಯ ಪಾಳಿ

ರಾಜೇಸಾಬ ಕಾಕಾ ರೊಟ್ಟಿ ಮುರಿಯುವಾಗ ಸಮುದ್ರಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಸಿಡಿಯುವ ಉಪ್ಪುನೀರೆಲ್ಲ ಅವರ ಬೆನ್ನಿಗೆ, ರೊಟ್ಟಿ ಮಾತ್ರ ಒಣಗಿರಬೇಕು. ಅವರು ಸವದತ್ತಿಯವರು, ಲಾರಿ ಓಡಿಸುವುದನ್ನು ಬಿಟ್ಟು ಗೋವಾದ ದೋಣಿಗಳಿಗೆ ಸೇರಿದವರು. ನಾನು ರಾಮದುರ್ಗದವನು. ಯಾರದೋ ಹಾಯಿದೋಣಿಯನ್ನು ಗೋವಾದಿಂದ ಆಫ್ರಿಕಾಕ್ಕೆ ಮುಟ್ಟಿಸುವ ನಲವತ್ತು ದಿನದ ಕೆಲಸದಲ್ಲಿ ಜೊತೆಯಾದೆವು. ದೋಣಿಯಲ್ಲಿದ್ದ ಇನ್ನಿಬ್ಬರಿಗೆ ಕನ್ನಡ ಬರುತ್ತಿರಲಿಲ್ಲ.

ದಂಡೆ ಬಿಟ್ಟು ಅಷ್ಟು ದೂರ ಕಾಕಾ ಹೋದದ್ದು ಅದೇ ಮೊದಲು. ಮನೆಯಿಂದ ತಂದ ಖಡಕ್ ರೊಟ್ಟಿಯನ್ನು ಊರಿನ ಅಭ್ಯಾಸದಂತೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದರು. ಊರಲ್ಲಿ ತಿಂಗಳುಗಟ್ಟಲೆ ಕೆಡದ ರೊಟ್ಟಿ ಕಡಲ ತೇವಕ್ಕೆ ಹತ್ತೇ ದಿನದಲ್ಲಿ ಮೆತ್ತಗಾಗಿ ಬೂಸಲು ಹಿಡಿಯಿತು. ನಾನು ನಕ್ಕೆ. ಅವರು ನಗಲಿಲ್ಲ. ಚೆನ್ನಾಗಿದ್ದವನ್ನು ಆರಿಸಿ, ಹಂಚಿನ ಮೇಲೆ ಮತ್ತೆ ಕಾಯಿಸಿ ಡಬ್ಬಿಗೆ ತುಂಬಿದರು. ಅಂದಿನಿಂದ ದಿನಕ್ಕೊಂದೇ ರೊಟ್ಟಿ, ಇಬ್ಬರಿಗೆ ಅರ್ಧರ್ಧ.

ಚುಕ್ಕಾಣಿ ಹಿಡಿಯಲು ಪಾಳಿ ಇತ್ತು. ನಾನು ಎದ್ದಿದ್ದರೆ ಕಾಕಾ ಮಲಗಿರುತ್ತಿದ್ದರು. ಬೆಳಿಗ್ಗೆ ಆರಕ್ಕೆ ನನ್ನ ಪಾಳಿ ಮುಗಿದು ಅವರದು ಶುರುವಾಗುವಾಗಿನ ಕಾಲು ಗಂಟೆಯೇ ನಮ್ಮ ಭೇಟಿ.

"ಕುಂಡ್ರು, ಏನರ ಮಾತಾಡು," ಎಂದು ಅರ್ಧ ರೊಟ್ಟಿ ಕೈಗಿಡುತ್ತಿದ್ದರು. "ನಮ್ಮ ಮಾತು ಕಿವಿಗೆ ಬಿದ್ರ ದಿನಾ ಹೋಗತೈತಿ."

ಮಾತೆಂದರೆ ಹರಿದ ಹಾಯಿ, ಕಡಿಮೆಯಾಗುತ್ತಿದ್ದ ಸಿಹಿನೀರು, ಸವದತ್ತಿ ಪಕ್ಕದ ಉಗರಗೋಳದ ಚಹಾ ಅಂಗಡಿ. ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತಿದ್ದರು.

ಇಪ್ಪತ್ತೈದನೆಯ ದಿನದ ಹೊತ್ತಿಗೆ ನಾನು ನಿದ್ದೆಗೆಟ್ಟು ರೋಸಿಹೋಗಿದ್ದೆ. "ಮಾತು ಸಾಕ್ರಿ ಕಾಕಾ, ನನಗ ನಿದ್ದಿ ಬೇಕು," ಎಂದು ಸಿಡುಕಿ ಕೆಳಗಿಳಿದೆ. ಮರುದಿನದಿಂದ ಅವರು ಕರೆಯಲಿಲ್ಲ. ನನ್ನ ಹಾಸಿಗೆಯ ಪಕ್ಕ ತಾಟು ಮುಚ್ಚಿದ ಅರ್ಧ ರೊಟ್ಟಿ ಇರುತ್ತಿತ್ತು. ತಿಂದು ಮಲಗುತ್ತಿದ್ದೆ. ಮೇಲೆ ಕಾಕಾ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವುದು ಕೇಳಿಸುತ್ತಿತ್ತು. ಹೋಗಿ ಕೂರಬಹುದಿತ್ತು. ಹೋಗಲಿಲ್ಲ, ಆ ನಾಚಿಕೆ ಇನ್ನೂ ಇದೆ. ದಂಡೆ ಮುಟ್ಟಿದ ದಿನ ಅವರು ನನ್ನ ಬೆನ್ನು ಸವರಿ ಊರಿಗೆ ಹೊರಟುಹೋದರು.

ಎರಡು ವರ್ಷದ ಮೇಲೆ, ತಪ್ಪಾಯಿತು ಎನ್ನಲೆಂದೇ ಸವದತ್ತಿಗೆ ಹೋದೆ. ಕಾಕಾ ತೀರಿಕೊಂಡು ತಿಂಗಳಾಗಿತ್ತು. ನನ್ನ ಹೆಸರು ಹೇಳಿದೊಡನೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿದರು. ಊರಿಗೆ ಬಂದ ಮೇಲೂ ಕಾಕಾ ದಿನಾ ಬೆಳಿಗ್ಗೆ ಆರಕ್ಕೆ ಎದ್ದು, ಒಂದು ರೊಟ್ಟಿ ಮುರಿದು, ಅರ್ಧವನ್ನು ತಾಟು ಮುಚ್ಚಿ ಇಡುತ್ತಿದ್ದರಂತೆ.

"ಯಾರಿಗ್ರಿ ಅಂತ ಕೇಳಿದ್ರ, ಹುಡುಗ ಪಾಳಿ ಮುಗಿಸಿ ಬರತಾನ, ಇವತ್ತರ ಮಾತಾಡತಾನ ಅಂತಿದ್ರು," ಎಂದರು.

ಕಾಲು ಗಂಟೆ ಕೂತೆ.